ಕೂತ ಹಕ್ಕಿ, ಹಾರುವ ಹಕ್ಕಿ: ಗದ್ದೆ ಬದುವಿನ ಮೇಲೆ ಕಲಿತ ಫೋಟೊ ಪಾಠ

1997ರ ಆಗಸ್ಟ್. ನಾಲೆಗೆ ನೀರು ಬಂದು, ಒಟ್ಲು ಹಾಕಿ ಹದಿನೈದು ದಿನ ಆಗಿತ್ತು. ಬೆಳಿಗ್ಗೆ ಗದ್ದೆಗೆ ಹೋದರೆ ಪಕ್ಕದ ಗದ್ದೆಯ ಮಾವ ಬದುವಿನ ಮೇಲೆ ನಿಂತಿದ್ದರು. ಅವರ ಒಟ್ಲಿನ ಎರಡು ಪಾತಿ ತುಳಿದು ಕೆಸರಾಗಿತ್ತು. ಮೊದಲೇ ನಾಟಿ ಮಾಡಿದ್ದ ತುಂಡಿನಲ್ಲಿ ಕತ್ತರಿಸಿದ ಪೈರು ಅಲ್ಲಲ್ಲಿ ತೇಲುತ್ತಿತ್ತು.

"ಈ ಕೊಕ್ಕರೆಗಳು ಒಂದು ಪೈರೂ ಉಳಿಸಾಕಿಲ್ಲ ಕನ್ಲಾ. ನಾಳೆ ವಿಷ ಮಡಗ್ತೀನಿ. ನಾಕು ಸತ್ರೆ ಮಿಕ್ಕವು ಈ ಕಡೆ ತಲೆ ಹಾಕಾಕಿಲ್ಲ" ಅಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಹಾನಿ ಕಣ್ಣೆದುರಿಗೇ ಇತ್ತು. ನನ್ನ ಒಟ್ಲೂ ಅದೇ ಸಾಲಿನಲ್ಲಿದೆ. ಆದರೂ, "ಎಂಟು ದಿನ ತಡ್ಕಳಿ ಮಾವ. ಯಾವ ಹಕ್ಕಿ ಏನು ಮಾಡ್ತದೆ ಅಂತ ಫೋಟೊ ತೆಗೆದು ತೋರಿಸ್ತೀನಿ. ಆಮೇಲೆ ನಿಮ್ಮಿಷ್ಟ" ಅಂದೆ.

"ಫೋಟೊ ತೆಗುದ್ರೆ ಭತ್ತ ಬಂದದಾ? ಆಯ್ತು, ಎಂಟೇ ದಿನ ಕನಪ್ಪ."

ಮಾತು ಕೊಟ್ಟದ್ದಾಯಿತು. ನನ್ನ ಹತ್ತಿರ ಇದ್ದದ್ದು ಮೈಸೂರಿನ ಸ್ಟುಡಿಯೊದವರೊಬ್ಬರಿಂದ ಹಿಂದಿನ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡ ಪೆಂಟ್ಯಾಕ್ಸ್ ಕೆ-1000 ಕ್ಯಾಮೆರಾ, ಒಂದು 300 ಮಿ.ಮೀ. ಲೆನ್ಸು, ಮತ್ತು 36 ಚಿತ್ರದ ಒಂದೇ ಒಂದು ರೋಲು. ಆ ಕ್ಯಾಮೆರಾದಲ್ಲಿ ಎಲ್ಲವೂ ಕೈಕೆಲಸ. ಫೋಕಸ್ ನಾವೇ ತಿರುಗಿಸಬೇಕು, ಬೆಳಕು ನಾವೇ ಅಳೆಯಬೇಕು. ರೋಲು ಕೊಂಡು, ತೊಳೆಸಿ, ಪ್ರಿಂಟು ಹಾಕಿಸುವ ಹೊತ್ತಿಗೆ ಒಂದು ಮೂಟೆ ಯೂರಿಯಾಕ್ಕಿಂತ ಹೆಚ್ಚು ಖರ್ಚು. ಹಾಗಾಗಿ ಕ್ಲಿಕ್ ಮಾಡುವ ಮುಂಚೆ ಎರಡು ಸಲ ಯೋಚನೆ ಮಾಡುವ ಅಭ್ಯಾಸ ತಾನಾಗಿಯೇ ಬಂತು.

ಆ ಎಂಟು ದಿನದ ಕತೆ ಹೇಳುವ ಮುಂಚೆ, ಅಲ್ಲಿಯವರೆಗೆ ನಾನು ಹಾಳು ಮಾಡಿದ ರೋಲುಗಳ ಕತೆ ಹೇಳಬೇಕು. ಕಲಿತದ್ದೆಲ್ಲ ಅವುಗಳಿಂದಲೇ.

ಮೊದಲ ರೋಲು: ಸುಣ್ಣದ ಉಂಡೆಗಳು

ಶ್ರೀರಂಗಪಟ್ಟಣ ತಾಲ್ಲೂಕಿನವರಿಗೆ ಹಕ್ಕಿ ಅಂದರೆ ಮೊದಲು ನೆನಪಾಗುವುದು ರಂಗನತಿಟ್ಟು. ಹದಿನೇಳನೇ ಶತಮಾನದಲ್ಲಿ ಮೈಸೂರು ಅರಸರು ಕಾವೇರಿಗೆ ಕಟ್ಟಿಸಿದ ಅಣೆಯಿಂದ ನೀರು ನಿಂತು ಅಲ್ಲಿನ ನಡುಗಡ್ಡೆಗಳಾದವು. ನೀರಾವರಿಗೆಂದು ಮಾಡಿದ ಕೆಲಸ, ಹಕ್ಕಿಗಳಿಗೂ ಮನೆಯಾಯಿತು. ಪಕ್ಷಿತಜ್ಞ ಸಲೀಂ ಅಲಿ ಇದನ್ನು ನೋಡಿ ಒತ್ತಾಯಿಸಿದ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮ ಮಾಡಿತು. 2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು.

1996ರ ಏಪ್ರಿಲ್‌ನಲ್ಲಿ ಅಲ್ಲಿ ದೋಣಿ ಹತ್ತಿದೆ. ಬಣ್ಣದ ಕೊಕ್ಕರೆ, ಚಮಚಕೊಕ್ಕು, ಬೆಳ್ಳಕ್ಕಿ, ನೀರುಕಾಗೆ ಮರದ ತುಂಬ ಇದ್ದವು. ಕಾಲು ಗಂಟೆಯಲ್ಲಿ ರೋಲು ಖಾಲಿ. ತೊಳೆಸಿ ತಂದು ನೋಡಿದರೆ 36ರಲ್ಲಿ ಹಕ್ಕಿ ಅಂತ ಗುರುತು ಸಿಗುವುದು ನಾಲ್ಕೇ. ಬೆಳ್ಳಕ್ಕಿಗಳು ಸುಣ್ಣದ ಉಂಡೆಯ ಹಾಗೆ, ಒಂದು ಗರಿಯೂ ಕಾಣದು. ಹಾರಿದವುಗಳದ್ದು ಬಾಲ ಮಾತ್ರ. ಉಳಿದವು ದೋಣಿಯ ಅಲುಗಾಟಕ್ಕೆ ಕಲಸಿಹೋಗಿದ್ದವು.

ಸ್ಟುಡಿಯೊದವರು ನೋಡಿ ನಕ್ಕು, ಮೂರು ಮಾತು ಹೇಳಿದರು.

ಒಂದು, ಸೂರ್ಯ ನಿನ್ನ ಬೆನ್ನಿಗಿರಲಿ. ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕರ ಮೇಲೆ ಬೆಳಕು ಹಿತವಾಗಿರುತ್ತೆ.

ಎರಡು, ಹಕ್ಕಿಯ ಕಣ್ಣಿಗೆ ಫೋಕಸ್ ಮಾಡು. ಕಣ್ಣು ಸ್ಪಷ್ಟವಾಗಿದ್ದರೆ ಬಾಲ ಸ್ವಲ್ಪ ಮಂಜಾದರೂ ಚಿತ್ರ ನಿಲ್ಲುತ್ತೆ.

ಮೂರು, ಬೆಳಕಿನ ಮೀಟರಿಗೆ ಹಕ್ಕಿ ಯಾವುದು, ಕೆಸರು ಯಾವುದು ಗೊತ್ತಿಲ್ಲ. ಕಪ್ಪು ನೀರಿನ ಮುಂದೆ ಒಂದು ಬಿಳಿ ಹಕ್ಕಿ ಕೂತಿದ್ದರೆ, ಅದು ಕಪ್ಪನ್ನು ನೋಡಿ ಬೆಳಕು ಜಾಸ್ತಿ ಬಿಡುತ್ತೆ, ಹಕ್ಕಿ ಸುಟ್ಟುಹೋಗುತ್ತೆ. ಬಿಳಿ ಆಕಾಶದ ಮುಂದೆ ಹಾರುವ ಹಕ್ಕಿಗೆ ಇದು ಉಲ್ಟಾ, ಅದು ಇದ್ದಿಲಾಗುತ್ತೆ. ಅದಕ್ಕೆ ಅದೇ ಬಿಸಿಲಲ್ಲಿರುವ ಹಸಿರು ಹುಲ್ಲಿನ ಮೇಲೆ ಬೆಳಕು ಅಳೆದುಕೊ. ಬೆಳ್ಳಕ್ಕಿಗಾದರೆ ಅದಕ್ಕಿಂತ ಅರ್ಧದಿಂದ ಒಂದು ಮೆಟ್ಟಿಲು ಕಡಿಮೆ ಮಾಡು.

ನಾಲ್ಕನೆಯ ಪಾಠ ಹೇಳಿದ್ದು ದೋಣಿ ನಡೆಸುವವರು. "ದೊಡ್ಡ ಹಕ್ಕಿ ಹಾರೋಕೆ ಮುಂಚೆ ಹಿಕ್ಕೆ ಹಾಕ್ತದೆ ಸಾರ್. ಆಮೇಲೆ ಮುಂದಕ್ಕೆ ಬಗ್ತದೆ. ಆಗ ರೆಡಿ ಇರಿ." ಎರಡನೇ ಸಲ ಹೋದಾಗ ಅದನ್ನೇ ನೋಡುತ್ತಾ ಕೂತೆ. ಲೆನ್ಸನ್ನು ದೋಣಿಯ ಅಂಚಿಗೆ ಒರಗಿಸದೆ ಮೊಣಕೈ ಎದೆಗೆ ಒತ್ತಿ ಹಿಡಿದೆ. 300 ಮಿ.ಮೀ. ಲೆನ್ಸಿಗೆ ಷಟರ್ ವೇಗ 1/500 ಸೆಕೆಂಡಿಗಿಂತ ಕಡಿಮೆ ಮಾಡಲಿಲ್ಲ. ಬಣ್ಣದ ಕೊಕ್ಕರೆಯೊಂದು ಮರ ಬಿಡುವ ಕ್ಷಣ ಸಿಕ್ಕಿತು. ಅಂಥದ್ದು ಅದೊಂದೇ ಚಿತ್ರ, ಆದರೂ ಊರಿಗೆಲ್ಲ ತೋರಿಸಿದೆ.

ನನ್ನ ಕೈಯಿಂದಾದ ತಪ್ಪು

ಇದನ್ನು ಬರೆಯಲು ಮುಜುಗರ. ಆದರೂ ಬರೆಯಬೇಕು.

ಆ ವರ್ಷ ಮಳೆಗಾಲದಲ್ಲಿ ಕೆ.ಆರ್. ಪೇಟೆ ಕಡೆ ಅಕ್ಕನ ಊರಿಗೆ ಹೋಗಿದ್ದೆ. ಅಲ್ಲಿ ಹೇಮಾವತಿ ನಾಲೆಯ ಗದ್ದೆ ಬಯಲು. ಊರ ಮುಂದಿನ ಹುಣಸೆ ಮರದಲ್ಲಿ ಬೆಳ್ಳಕ್ಕಿ, ಕೊಳದ ಬಕ ಗೂಡು ಕಟ್ಟಿದ್ದವು. ಹತ್ತಾರು ಹಕ್ಕಿ ಒಟ್ಟಿಗೆ ಹಾರುವ ಚಿತ್ರ ಬೇಕೆಂಬ ಆಸೆ. ಅರ್ಧ ಗಂಟೆ ಕಾದೆ, ಹಾರಲಿಲ್ಲ. ಜೋರಾಗಿ ಚಪ್ಪಾಳೆ ತಟ್ಟಿದೆ. ಎಲ್ಲ ಎದ್ದವು. ನಾನು ಕ್ಲಿಕ್ ಮಾಡುತ್ತಿದ್ದಾಗಲೇ ಎರಡು ಕಾಗೆ ಮರಕ್ಕೆ ನುಗ್ಗಿದವು. ತಾಯಿಹಕ್ಕಿ ವಾಪಸು ಬರುವಷ್ಟರಲ್ಲಿ ಒಂದು ಗೂಡಿನ ಮೊಟ್ಟೆ ಕಾಗೆಯ ಬಾಯಲ್ಲಿತ್ತು.

ಮರದ ಕೆಳಗೆ ಕೂತಿದ್ದ ಅಜ್ಜಿ, "ನಿನ್ನ ಪಟಕ್ಕೆ ಅದರ ಮನೆ ತಗುದ್ಯಲ್ಲಪ್ಪ" ಅಂದರು. ಬಯ್ಯಲಿಲ್ಲ, ಅಷ್ಟೇ ಅಂದರು. ಆ ಚಿತ್ರ ಚೆನ್ನಾಗಿಯೇ ಬಂದಿತ್ತು. ಯಾರಿಗೂ ತೋರಿಸಲಿಲ್ಲ.

ಗೂಡಿರುವ ಮರದಿಂದ ಒಂದು ಹಕ್ಕಿ ಎದ್ದರೂ ನಾವು ತೀರಾ ಹತ್ತಿರ ಬಂದಿದ್ದೇವೆ ಎಂದೇ ಅರ್ಥ. ಹಿಂದಕ್ಕೆ ಸರಿಯಬೇಕು. ನಮ್ಮ ಜಿಲ್ಲೆಯದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಮರಗಳಲ್ಲೇ ಮರಿ ಮಾಡುತ್ತವೆ. ಕೆಳಗೆ ಬಿದ್ದ ಹಿಕ್ಕೆ ಅಲ್ಲಿನವರಿಗೆ ಗೊಬ್ಬರ. ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿ ಹಕ್ಕಿ ಹೆದರದಿರುವುದು ಯಾರೂ ಹೆದರಿಸದೆ ಇದ್ದುದರಿಂದ.

ಕಣದಲ್ಲಿ ಸಿಕ್ಕಿದ ಗಾಳಿ ಪಾಠ

1997ರ ಜನವರಿಯಲ್ಲಿ ನಾಗಮಂಗಲ ತಾಲ್ಲೂಕಿನ ನನ್ನ ಮಾವನ ಮನೆಯಲ್ಲಿ ರಾಗಿ ಕಣದ ಕೆಲಸ. ಆ ತಾಲ್ಲೂಕಿನ ಆದಿಚುಂಚನಗಿರಿಯ ಮಯೂರವನ ಎಲ್ಲರಿಗೂ ಗೊತ್ತು. ಅಲ್ಲಿ ಮಾತ್ರವಲ್ಲ, ಸುತ್ತಿನ ಹೊಲಗಳಲ್ಲೂ ನವಿಲು ಓಡಾಡುತ್ತವೆ. "ಫೋಟೊ ತೆಗೆಯೋ ಭಾವ ಬಂದವ್ರೆ, ನವಿಲಿಗೆ ಒಂದು ಮೊರ ರಾಗಿ ಹಾಕ್ರಪ್ಪ" ಅಂತ ಬಾಮೈದ ರೇಗಿಸಿದ. ಕೇಳದೆಯೇ ಅವು ದಿನಾ ತಿಂದು ಹೋಗುತ್ತಿದ್ದವು ಎನ್ನುವುದು ಬೇರೆ ಮಾತು.

ರಾಗಿ ತೂರಲು ಗಾಳಿಗೆ ಕಾಯುತ್ತಾ ಕೂತಿದ್ದಾಗ ಕೆಳಗಿನ ಕೆರೆಗೆ ಬಾತುಗಳು ಬಂದು ಇಳಿದವು. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಇಳಿದವು. ನೋಡಿದರೆ, ಗಾಳಿಗೆ ಎದುರಾಗಿ. ಏಳುವಾಗಲೂ ಹಾಗೆಯೇ, ಗಾಳಿಗೆ ಎದೆ ಕೊಟ್ಟು ಏಳುತ್ತವೆ. ಗಾಳಿ ನನ್ನ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಹಕ್ಕಿ ನನ್ನ ಕಡೆ ಮುಖ ಮಾಡಿ ಏಳಬೇಕು ಅಥವಾ ಇಳಿಯಬೇಕು. ಸೂರ್ಯನೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ ಬರುವ ಜಾಗ ಹುಡುಕಿ ಕೂತರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಬಾಲದ ಚಿತ್ರಗಳು ಕಡಿಮೆಯಾದವು. ಮೊರ ಹಿಡಿದು ತೂರಿದವರಿಗೆ ಗಾಳಿ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಸಂಜೆ ನವಿಲುಗಳು ಒಂದೊಂದಾಗಿ ಅದೇ ಮರಕ್ಕೆ ಹಾರಿ ಕೂರುತ್ತಿದ್ದವು. ಮೊದಲ ದಿನ ಬರೀ ನೋಡಿದೆ. ಎರಡನೇ ದಿನ ಅವು ಹಾಯುವ ದಾರಿಯ ಪಕ್ಕದ ಒಂದು ಕೊಂಬೆಗೆ ಮೊದಲೇ ಫೋಕಸ್ ಮಾಡಿಟ್ಟುಕೊಂಡೆ. ಹಕ್ಕಿ ಅಲ್ಲಿಗೆ ಬರುತ್ತಿದ್ದ ಹಾಗೆ ಒತ್ತಿದೆ. ಹಾರುವ ಹಕ್ಕಿಯನ್ನು ಅಟ್ಟಿಸಿಕೊಂಡು ಫೋಕಸ್ ತಿರುಗಿಸುವುದಕ್ಕಿಂತ ಇದು ಎಷ್ಟೋ ಸುಲಭ.

ರೀವ ಕಲಿಸಿದ ಕವಣೆ ವಿದ್ಯೆ

ಬೇಸಿಗೆಯಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಇಳಿದಾಗ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿ ಕಡೆ ಹಿನ್ನೀರಿನ ದಡ ಬಯಲಾಗುತ್ತದೆ. ಅಲ್ಲಿ ರೀವ ಹಕ್ಕಿ ಇದೆ. ಬೂದು ಬೆನ್ನು, ಕಪ್ಪು ಟೋಪಿ, ಹಳದಿ ಕೊಕ್ಕು, ಕವಲು ಬಾಲ. ಕರಾವಳಿಯ ಓದುಗರು ಅಳಿವೆಯಲ್ಲಿ ನೋಡುವ ಕಡಲ ರೀವಗಳ ನೆಂಟ ಇದು. ಗದ್ದೆಯ ಕೊಕ್ಕರೆ ನಿಧಾನಕ್ಕೆ ರೆಕ್ಕೆ ಬಡಿಯುತ್ತೆ. ರೀವ ಹಾಗಲ್ಲ. ಗಾಳಿಯಲ್ಲಿ ತಿರುಗಿ, ಕ್ಷಣ ನಿಂತು, ನೀರಿಗೆ ಬೀಳುತ್ತೆ.

ನನ್ನ ಕ್ಯಾಮೆರಾದ ಅತಿ ಹೆಚ್ಚು ವೇಗ 1/1000 ಸೆಕೆಂಡು. ಅದರಲ್ಲಿಟ್ಟರೂ ಮೊದಲ ದಿನದ ಚಿತ್ರಗಳಲ್ಲಿ ಹಕ್ಕಿ ಅರ್ಧ ಚೌಕಟ್ಟಿನ ಹೊರಗೆ. ತಪ್ಪು ಏನೆಂದರೆ, ಒತ್ತುವ ಕ್ಷಣದಲ್ಲಿ ನಾನು ಕೈ ನಿಲ್ಲಿಸಿಬಿಡುತ್ತಿದ್ದೆ. ಆಗ ಚಿಕ್ಕಂದಿನಲ್ಲಿ ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಕವಣೆ ಬೀಸಿದ್ದು ನೆನಪಾಯಿತು. ಕಲ್ಲು ಬಿಟ್ಟ ಮೇಲೂ ಕೈ ಮುಂದಕ್ಕೆ ಹೋಗುತ್ತೆ. ನಡುವಲ್ಲೇ ತಡೆದರೆ ಕಲ್ಲು ಎಲ್ಲೋ ಬೀಳುತ್ತೆ. ಕ್ಯಾಮೆರಾವೂ ಹಾಗೆಯೇ. ಕಾಲು ಊರಿ, ಸೊಂಟದಿಂದ ತಿರುಗುತ್ತಾ ಹಕ್ಕಿಯ ಜೊತೆ ಹೋಗಬೇಕು, ಒತ್ತಬೇಕು, ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ಹಕ್ಕಿ ಓಡಿಸಲು ಕಲಿತ ವಿದ್ಯೆ ಹಕ್ಕಿ ಹಿಡಿಯಲು ಬಂತು.

ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ರೀವ ಬರೀ ಮರಳಿನ ಮೇಲೆ, ಬಂಡೆಯ ಮೇಲೆ ಮೊಟ್ಟೆ ಇಡುತ್ತೆ. ಕಾಲ ಕೆಳಗಿದ್ದರೂ ಕಾಣುವುದಿಲ್ಲ. ಹಕ್ಕಿ ತಲೆಯ ಮೇಲೆ ಕೂಗುತ್ತಾ ಎರಗಿದರೆ ಅಲ್ಲಿಂದ ವಾಪಸು ಬರಬೇಕು. ಇದು ಇಂದು ಅಳಿವಿನ ಅಪಾಯ ಇರುವ ಹಕ್ಕಿಗಳ ಪಟ್ಟಿಯಲ್ಲಿದೆ.

ಆ ಎಂಟು ದಿನ

ಈಗ ಮಾವನ ಗದ್ದೆಗೆ ಬರೋಣ. ಬದುವಿನ ಮೂಲೆಯಲ್ಲಿ ನಾಲ್ಕು ಗಳ ನೆಟ್ಟು ತೆಂಗಿನ ಸೋಗೆ ಕಟ್ಟಿದೆ. ಲೆನ್ಸಿಗೆ ಒಂದು ಕಿಂಡಿ. ಬೆಳಕು ಹರಿಯುವ ಮುಂಚೆ ಒಳಗೆ ಸೇರಿ, ನೆಲಕ್ಕೆ ಗೋಣಿಚೀಲ ಹಾಕಿ ಕೂರುತ್ತಿದ್ದೆ. ನಿಂತು ತೆಗೆದರೆ ಹಕ್ಕಿಯ ಬೆನ್ನು ಬರುತ್ತೆ. ಕೂತು ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಕೊಕ್ಕಿನಲ್ಲಿರುವುದು ಕಾಣುತ್ತೆ. ನನಗೆ ಬೇಕಿದ್ದದ್ದು ಅದೇ.

ಮೊದಲ ಎರಡು ದಿನ ಒಂದು ಹಕ್ಕಿಯೂ ಹತ್ತಿರ ಬರಲಿಲ್ಲ. ಮೂರನೇ ದಿನಕ್ಕೆ ಸೋಗೆ ಗುಡಿಸಲು ಅವಕ್ಕೆ ರೂಢಿಯಾಯಿತು. ಬಾಯ್ಕಳಕ ಕೊಕ್ಕರೆಗಳು ಬಂದವು. ಬೆಳೆದ ಹಕ್ಕಿಯ ಮೇಲಿನ ಕೊಕ್ಕಿಗೂ ಕೆಳಗಿನ ಕೊಕ್ಕಿಗೂ ನಡುವೆ ಸಂದು ಇರುವುದರಿಂದ ಆ ಹೆಸರು. ಮರಿಗಳಿಗೆ ಈ ಸಂದು ಇರುವುದಿಲ್ಲ. ಅವು ಕೆಸರಿನಲ್ಲಿ ಕೊಕ್ಕು ಆಡಿಸಿ ತೆಗೆಯುತ್ತಿದ್ದದ್ದು ದೊಡ್ಡ ಬಸವನಹುಳು. ಅವುಗಳ ಮುಖ್ಯ ಆಹಾರವೇ ಅದು. ಕೆಂಬರಲು ಹಕ್ಕಿ ಬದುವಿನ ಬಿಲದಿಂದ ನಳ್ಳಿ ಎಳೆಯಿತು. ಬದು ತೂತು ಮಾಡಿ ನೀರು ಸೋರಿಸುವ ಅದೇ ನಳ್ಳಿ.

ಐದನೇ ದಿನ ನಾಲೆ ಬದಿಯ ಜೊಂಡಿನಿಂದ ನೇರಳೆ ಜಂಬುಕೋಳಿ ಹೊರಬಂತು. ನಮ್ಮ ಕಡೆ ಬರೀ ನೀರುಕೋಳಿ ಅಂತಾರೆ. ನೀಲಿ ಮೈ, ಕೆಂಪು ಕೊಕ್ಕು. ನಾಟಿ ಮಾಡಿದ ತುಂಡಿಗೆ ಇಳಿದು ಪೈರು ಕಡಿದು, ದಂಟನ್ನು ಕಾಲಿನ ಬೆರಳಲ್ಲಿ ಹಿಡಿದು, ನಾವು ಕಬ್ಬು ತಿನ್ನುವ ಹಾಗೆ ತಿಂದಿತು. ಆರು ಚಿತ್ರ ತೆಗೆದೆ.

ರೋಲು ತೊಳೆಸಿದಾಗ ಉಪಯೋಗಕ್ಕೆ ಬಂದದ್ದು ಹನ್ನೊಂದು. ಮಾವನ ಜಗಲಿಯ ಮೇಲೆ ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು. ನೀರುಕೋಳಿಯ ಚಿತ್ರ ಬಂದಾಗ, "ಇದು ಕಳ್ಳಿ ಕನ" ಅಂದರು. ಕೊಕ್ಕರೆಯ ಬಾಯಲ್ಲಿದ್ದ ಬಸವನಹುಳು ನೋಡಿ ಸುಮ್ಮನಾದರು. ಆಮೇಲೆ ಇನ್ನೊಂದು ಚಿತ್ರ ಎತ್ತಿ ನನಗೇ ತೋರಿಸಿದರು. ಅದರಲ್ಲಿ ಬಾಯ್ಕಳಕದ ಎರಡೂ ಕಾಲು ಒಟ್ಲಿನ ಪಾತಿಯ ನಡುವೆ, ಸುತ್ತ ಮಲಗಿದ ಪೈರು. "ಇದೂ ಸುಳ್ಳಲ್ಲವಲ್ಲ?"

ಸುಳ್ಳಾಗಿರಲಿಲ್ಲ. ನಾನು ಕೊಕ್ಕರೆಯ ಪರ ವಾದಕ್ಕೆ ಹೊರಟವನು. ನನ್ನ ಕ್ಯಾಮೆರಾ ಮಾವನ ಮಾತೂ ಅರ್ಧ ನಿಜ ಅಂತ ಹೇಳಿತು. ಪೈರು ಕಡಿದದ್ದು ನೀರುಕೋಳಿ, ಒಟ್ಲು ತುಳಿದದ್ದು ಕೊಕ್ಕರೆ. ವಿಷ ಇಟ್ಟಿದ್ದರೆ ಹುಳು, ನಳ್ಳಿ ತಿನ್ನುವವು ಸಾಯುತ್ತಿದ್ದವು, ದಂಟು ತಿನ್ನುವುದು ಜೊಂಡಿನಲ್ಲಿ ಸುಖವಾಗಿ ಇರುತ್ತಿತ್ತು. ಕಾಡುಹಕ್ಕಿಗೆ ವಿಷ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ಇಬ್ಬರೂ ಸೇರಿ ಎರಡು ಕೆಲಸ ಮಾಡಿದೆವು. ಒಟ್ಲಿನ ಸುತ್ತ ಮೊಣಕಾಲೆತ್ತರಕ್ಕೆ ಗೂಟ ಹೊಡೆದು ಎರಡು ಸಾಲು ಹುರಿ ಕಟ್ಟಿದೆವು. ಉದ್ದ ಕಾಲಿನ ಹಕ್ಕಿ ಪಾತಿಗೆ ನಡೆದು ಬರುವುದು ಕಡಿಮೆಯಾಯಿತು. ಗದ್ದೆಗೆ ಅಂಟಿಕೊಂಡಿದ್ದ ಜೊಂಡನ್ನು ಹತ್ತು ಹೆಜ್ಜೆಯಷ್ಟು ಕೊಯ್ದು ಬಯಲು ಮಾಡಿದೆವು. ನೀರುಕೋಳಿಗೆ ಮರೆ ಇಲ್ಲದ ಜಾಗ ದಾಟಲು ಅಂಜಿಕೆ. ಹಾನಿ ಪೂರ್ತಿ ನಿಲ್ಲಲಿಲ್ಲ. ಮಾವನಿಗೆ ಒಂದು ಪಾತಿ ಪೈರು ಕಡಿಮೆ ಬಿತ್ತು, ನನ್ನ ಒಟ್ಲಿನಿಂದ ಕೊಟ್ಟೆ. ವಿಷದ ಮಾತು ಮತ್ತೆ ಬರಲಿಲ್ಲ.

ಈಗ ಕಲಿಯುವವರಿಗೆ

ಈಗ ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ. ರೋಲಿನ ಖರ್ಚಿಲ್ಲ, ತಪ್ಪು ಅಲ್ಲೇ ಕಾಣುತ್ತೆ. ಆದರೆ ಹಕ್ಕಿಯ ಪಾಠ ಬದಲಾಗಿಲ್ಲ. ನಾನು ಇಟ್ಟುಕೊಳ್ಳುವ ಲೆಕ್ಕ ಇಷ್ಟು:

* ಕೂತ ಹಕ್ಕಿಗೆ 1/500 ಸೆಕೆಂಡು. ಕ್ಯಾಮೆರಾ ಗಟ್ಟಿ ಆಸರೆಯ ಮೇಲಿದ್ದರೆ 1/250 ಸಾಕು. ಫೋಕಸ್ ಚುಕ್ಕಿ ಒಂದೇ, ಅದು ಕಣ್ಣಿನ ಮೇಲೆ.

* ಹಾರುವ ದೊಡ್ಡ ಹಕ್ಕಿಗೆ 1/1250, ರೀವದಂಥ ಚುರುಕಿನದಕ್ಕೆ 1/2000. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ. ಚಿತ್ರ ಸ್ವಲ್ಪ ತರಿಯಾದರೂ ಪರವಾಗಿಲ್ಲ, ಕಲಸಬಾರದು.

* ಹಾರುವಾಗ ಫೋಕಸ್ ಬಿಡದೆ ಹಿಂಬಾಲಿಸುವ ಕ್ರಮದಲ್ಲಿರಲಿ. ಒಂದೊತ್ತಿಗೆ ಮೂರು ನಾಲ್ಕು ಚಿತ್ರ ಸಾಕು. ಹಕ್ಕಿಯ ಮುಂದೆ ಜಾಗ ಬಿಡಿ, ಹಿಂದೆ ಬೇಡ.

* ಬಿಳಿ ಹಕ್ಕಿ ಕಪ್ಪು ಕೆಸರಿನ ಮುಂದಿದ್ದರೆ ಬೆಳಕು ಒಂದು ಮೆಟ್ಟಿಲು ಇಳಿಸಿ. ಬಿಳಿ ಆಕಾಶದ ಮುಂದೆ ಹಾರುವ ಹಕ್ಕಿಗೆ ಒಂದು ಮೆಟ್ಟಿಲು ಏರಿಸಿ.

* ಮೊದಲು ಉಳುವ ಹೊಲದಲ್ಲಿ ಕಲಿಯಿರಿ. ನೇಗಿಲು, ಟ್ರ್ಯಾಕ್ಟರ್ ಹಿಂದೆ ಬರುವ ಗೋವಕ್ಕಿ ಹೆದರುವುದಿಲ್ಲ, ಪದೇ ಪದೇ ಎದ್ದು ಕೂರುತ್ತೆ. ಕರಾವಳಿಯವರಿಗೆ ಮೀನು ಬಂದರೇ ಒಳ್ಳೆಯ ಶಾಲೆ. ಒಮ್ಮೆ ಮಲ್ಪೆಗೆ ಹೋದಾಗ, ಮೀನಿಗೆ ಸುತ್ತುವ ಗರುಡಗಳನ್ನು ಒಂದೇ ಬೆಳಿಗ್ಗೆ ನಾನು ತೆಗೆದಷ್ಟು ನಮ್ಮ ಕಡೆ ಒಂದು ತಿಂಗಳಿಗೂ ಸಿಗದು.

* ಗೂಡಿನ ಹತ್ತಿರ ಹೋಗಬೇಡಿ. ಕಲ್ಲೆಸೆದು, ಕೂಗಿ ಹಾರಿಸಬೇಡಿ. ಹುಣಸೆ ಮರದ ಅಜ್ಜಿಯ ಮಾತು ನನಗೆ ಸಾಕಾಗಿದೆ.

ಕ್ಯಾಮೆರಾ ಕೊಳ್ಳಲೇಬೇಕು ಅಂತಲ್ಲ. ಬೆಳೆಗೆ ಹಕ್ಕಿಯಿಂದ ಹಾನಿ ಅನ್ನಿಸಿದಾಗ ಬೆಳಕು ಹರಿಯುವ ಮುಂಚೆ ಹೋಗಿ ಒಂದು ಗಂಟೆ ಮರೆಯಲ್ಲಿ ಕೂತು ನೋಡಿ, ಮೂರು ದಿನ. ಬಂದ ಹಕ್ಕಿ, ಅದರ ಕೊಕ್ಕಿನಲ್ಲಿ ಕಂಡದ್ದು, ಅದು ಹೋದ ಮೇಲೆ ಪೈರಿನ ಸ್ಥಿತಿ, ಇಷ್ಟನ್ನು ಬರೆದಿಡಿ. ಕೈಯಲ್ಲಿ ಮೊಬೈಲ್ ಇದ್ದರೆ ಹಾನಿಯ ಜಾಗದ ಚಿತ್ರ ತೆಗೆದಿಡಿ. ಬೆದರುಬೊಂಬೆಗೋ, ಬಲೆಗೋ, ಔಷಧಿಗೋ ದುಡ್ಡು ಹಾಕುವುದು ಅದಾದ ಮೇಲೆ.

ನಾನೂ ಮಾವನೂ ಅಷ್ಟು ವರ್ಷ ಅದೇ ಬದುವಿನ ಮೇಲೆ ಓಡಾಡಿದವರು. ನೀರುಕೋಳಿ ಪೈರು ಕಡಿಯುವುದನ್ನು ಇಬ್ಬರೂ ಒಮ್ಮೆಯೂ ನೋಡಿರಲಿಲ್ಲ. ನಾವು ಗದ್ದೆಗೆ ಹೋಗುವ ಹೊತ್ತಿಗೆ ಅದು ತಿಂದು ಜೊಂಡು ಸೇರಿರುತ್ತಿತ್ತು, ಕೊಕ್ಕರೆ ಮಾತ್ರ ಎದುರಿಗೆ ನಿಂತಿರುತ್ತಿತ್ತು.